ಕಂಪ್ಯೂಟರಿನ ಬೀಗದ ಕೈ ನಿಮ್ಮ ಸೆರಗಿನಲ್ಲಿರಲಿ



ಕೆಲವು ತಿಂಗಳಿಂದ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಏನು ಮಾಡೋದು, ರೇಷ್ಮೆ ಸೀರೆಯ ಮೇಲಿನ ಎಣ್ಣೆ ಕಲೆ ಹೇಗೆ ತೆಗೆಯೋದು ಅಂತ ಕೇಳುತ್ತಿದ್ದವರು ಈಗ ಕಂಪ್ಯೂಟರಿನ ವಿಷಯ ಕೇಳುತ್ತಿದ್ದಾರೆ. ಕಾರಣ ನಿಮಗೂ ಗೊತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಾಗಿ ಬರುತ್ತಿದ್ದ ರಕ್ಷಣೆಯ ತಿದ್ದುಪಡಿಗಳು ನಿಂತವು. ಮನೆಯಲ್ಲಿರುವ ಹಳೆಯ ಯಂತ್ರಗಳು ಎಷ್ಟೋ ವಿಂಡೋಸ್ 11ರ ಷರತ್ತಿಗೆ ಒಗ್ಗುವುದಿಲ್ಲ. “ಗುಜರಿಗೆ ಹಾಕಿ, ಹೊಸದು ತಗೊಳ್ಳಿ” ಅಂತ ಅಂಗಡಿಯವನು ಹೇಳುತ್ತಾನೆ. “ಬೇಡ ಬಿಡಮ್ಮ, ಲಿನಕ್ಸ್ ಮಿಂಟ್ ಹಾಕಿಕೊಡ್ತೀನಿ, ಇನ್ನೂ ನಾಕು ವರ್ಷ ಓಡುತ್ತೆ” ಅಂತ ಮಗನೋ, ಅಣ್ಣನ ಮಗನೋ ಹೇಳುತ್ತಾನೆ. ಹಾಕಿಕೊಟ್ಟು, ಎರಡು ದಿನ ಇದ್ದು, ಚಕ್ಕುಲಿ ಡಬ್ಬಿ ಹಿಡಿದು ಬಸ್ಸು ಹತ್ತಿ ಹೋಗುತ್ತಾನೆ. ಆಮೇಲೆ ಯಂತ್ರದ ಮುಂದೆ ಕೂರುವವರು ನಾವು.

“ಇದರಲ್ಲಿ ನನಗೆ ಬೇಕಾದ್ದೇ ಇಲ್ಲ. ಹೊಸದಾಗಿ ಏನಾದರೂ ಹಾಕಿಕೊಳ್ಳೋಣ ಅಂದ್ರೆ ಪಾಸ್‌ವರ್ಡ್ ಕೇಳುತ್ತೆ. ಅದು ಮಗನ ಹತ್ತಿರ ಇದೆ. ಕೇಳಿದರೆ, ದೀಪಾವಳಿಗೆ ಬಂದಾಗ ನಾನೇ ಹಾಕ್ತೀನಿ, ನೀನು ಏನೂ ಮುಟ್ಟಬೇಡ ಅಂತಾನೆ” ಎಂದು ತಿಪಟೂರಿನ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಇದೇ ಅರ್ಥದ ಪತ್ರ ಇನ್ನೂ ಮೂರು ಬಂದಿವೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹೋಟೆಲಿನವನು ತನ್ನ ಸಾಂಬಾರಿನ ಗುಟ್ಟು ಹೇಳುವುದಿಲ್ಲ. ನಮ್ಮ ಪತ್ರಿಕೆ ಪಾಕವಿಧಾನವನ್ನು ಅಚ್ಚು ಹಾಕಿಯೇ ಕೊಡುತ್ತದೆ. ಯಾರು ಬೇಕಾದರೂ ಮಾಡಬಹುದು, ಖಾರ ಕಡಿಮೆ ಮಾಡಿಕೊಳ್ಳಬಹುದು, ಪಕ್ಕದ ಮನೆಯವರಿಗೂ ಹೇಳಿಕೊಡಬಹುದು. ಲಿನಕ್ಸ್ ಎರಡನೆಯ ಜಾತಿಯದು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಶುರುಮಾಡಿದ್ದು. ಮಿಂಟ್ ಅನ್ನೋದು ಅದರ ಮೇಲೆ ಕಟ್ಟಿದ ಒಂದು ರೂಪ, 2006ರಿಂದ ಬರುತ್ತಿದೆ. ದುಡ್ಡು ಕೊಡಬೇಕಾಗಿಲ್ಲ. ಎರಡು ಜಿ.ಬಿ. ಮೆಮೊರಿ ಇದ್ದರೆ ಏಳುತ್ತದೆ, ನಾಲ್ಕು ಇದ್ದರೆ ಆರಾಮಾಗಿ ಓಡುತ್ತದೆ.

ಈಗ ಪಾಸ್‌ವರ್ಡಿನ ವಿಷಯ. ಮಿಂಟ್‌ನಲ್ಲಿ ಹೊಸ ಸಾಮಾನು ಒಳಗೆ ತರಬೇಕಾದರೆ, ಇದ್ದದ್ದನ್ನು ಹೊರಗೆ ಹಾಕಬೇಕಾದರೆ, ಯಂತ್ರ ಒಂದು ಸಲ ನಿಲ್ಲಿಸಿ “ಯಾರು?” ಅಂತ ಕೇಳುತ್ತದೆ. ಅದು ಕಾಟ ಕೊಡುವುದಕ್ಕಲ್ಲ. ಬೀರುವಿಗೆ ಬೀಗ ಇರುವ ಹಾಗೆ. ಹಿಂದೆ ಮನೆಯ ಯಜಮಾನಿತಿ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳಲ್ಲ, ಆ ಗೊಂಚಲು ಇದು. ಅದು ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿದ್ದರೆ ಮನೆಯಲ್ಲಿರುವವರಿಗೆ ಏನು ಉಪಯೋಗ?

ಮಗ ಕೆಟ್ಟವನಲ್ಲ, ಅಮ್ಮ ಏನಾದರೂ ಕೆಡಿಸಿಬಿಟ್ಟಾಳು ಅಂತ ಅವನಿಗೆ ಭಯ. ಅದಕ್ಕೆ ಜಗಳ ಬೇಡ. ಫೋನಿನಲ್ಲಿ ಹೀಗೆ ಹೇಳಿ: “ಪಾಸ್‌ವರ್ಡ್ ಹೇಳು, ಬರೆದುಕೊಳ್ತೀನಿ. ಆಮೇಲೆ ನಾನೇ ಬದಲಾಯಿಸಿಕೊಳ್ತೀನಿ.” ಮೆನುವಿನಲ್ಲಿ ಅಕೌಂಟ್ ಡೀಟೇಲ್ಸ್ ಅಂತ ಇದೆ, ಅಲ್ಲಿ ಪಾಸ್‌ವರ್ಡ್ ಮುಂದೆ ಒತ್ತಿದರೆ ಹಳೆಯದನ್ನು ಕೇಳಿ ಹೊಸದನ್ನು ಇಟ್ಟುಕೊಳ್ಳುತ್ತದೆ. ನಿಮ್ಮ ಹೆಸರು, ಹುಟ್ಟಿದ ಇಸವಿ, ಮನೆದೇವರ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಮಾತು ಜೋಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಬರೆದ ಚೀಟಿ ಬೀರುವಿನ ಒಳಗೆ, ಸೀರೆಯ ಮಡಿಕೆಯಲ್ಲಿ ಇರಲಿ, ಪರವಾಗಿಲ್ಲ. ಪರದೆಯ ಅಂಚಿಗೆ ಅಂಟಿಸಬೇಡಿ.

ಒಂದೇ ಕಂಪ್ಯೂಟರನ್ನು ಮಕ್ಕಳೂ ಉಪಯೋಗಿಸುತ್ತಾರಾ? ಹಾಗಾದರೆ ಮೆನುವಿನಲ್ಲಿ ಯೂಸರ್ಸ್ ಅಂಡ್ ಗ್ರೂಪ್ಸ್ ತೆರೆದು ಅವರಿಗೊಂದು ಬೇರೆ ಖಾತೆ ಮಾಡಿಕೊಡಿ. ಅಲ್ಲಿ ಎರಡು ದರ್ಜೆ ಇದೆ. ಸ್ಟ್ಯಾಂಡರ್ಡ್ ಅಂದರೆ ಕೂತು ಕೆಲಸ ಮಾಡಬಹುದು, ಯಂತ್ರದ ಕಟ್ಟುಪಾಡು ಬದಲಾಯಿಸುವ ಹಾಗಿಲ್ಲ. ಅಡ್ಮಿನಿಸ್ಟ್ರೇಟರ್ ಅಂದರೆ ಯಜಮಾನಿಕೆ. ಮಕ್ಕಳಿಗೆ ಮೊದಲನೆಯದು, ನಿಮಗೆ ಎರಡನೆಯದು. ಮನೆಯವರಿಗೆ ಯಾವುದು ಅನ್ನೋದು ನಿಮಗೆ ಬಿಟ್ಟದ್ದು!

ಇನ್ನೊಂದು ಕಟ್ಟುನಿಟ್ಟು. ನೀವಾಗಿಯೇ ಏನನ್ನೋ ಒತ್ತಿದ್ದಕ್ಕೆ ಪಾಸ್‌ವರ್ಡ್ ಕೇಳಿದರೆ ಕೊಡಿ. ನೀವು ಸುಮ್ಮನೆ ಪತ್ರಿಕೆ ಓದುತ್ತ ಕೂತಿದ್ದಾಗ ತಾನಾಗಿ ಕೇಳಿದರೆ ಕ್ಯಾನ್ಸಲ್ ಒತ್ತಿ ಎದ್ದುಬಿಡಿ. ಬ್ಯಾಂಕಿನವರು, ಪೊಲೀಸರು ಅಂತ ಹೇಳಿಕೊಂಡು ಫೋನು ಮಾಡಿ, ದೂರದಿಂದ ನಿಮ್ಮ ಪರದೆ ನೋಡುವ ತಂತ್ರಾಂಶ ಹಾಕಿಕೊಳ್ಳಿ ಅಂದರೆ ಫೋನು ಇಡಿ. ಮಿಂಟ್ ಇದ್ದರೂ ಅಷ್ಟೆ, ಯಾವುದಿದ್ದರೂ ಅಷ್ಟೆ. ಬೀಗ ಎಷ್ಟು ಗಟ್ಟಿಯಿದ್ದರೇನು, ಕೈಯಾರೆ ನಾವೇ ತೆಗೆದುಕೊಟ್ಟರೆ? ಅಕಸ್ಮಾತ್ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಕೈ ಸಿಕ್ಕಿತು, ಇನ್ನು ಅಂಗಡಿಗೆ ಹೋಗೋಣ. ವಿಂಡೋಸಿನಲ್ಲಿ ನಮಗೆ ಒಂದು ಕೆಟ್ಟ ಅಭ್ಯಾಸ ಆಗಿತ್ತು. ಏನಾದರೂ ಬೇಕಾದರೆ ಗೂಗಲ್‌ನಲ್ಲಿ ಅದರ ಹೆಸರು ಬರೆದು ‘ಫ್ರೀ ಡೌನ್‌ಲೋಡ್’ ಅಂತ ಸೇರಿಸೋದು, ಬಂದ ಪುಟದಲ್ಲಿ ಎಲ್ಲಕ್ಕಿಂತ ದೊಡ್ಡ ಹಸಿರು ಗುಂಡಿ ಒತ್ತೋದು. ಆ ದೊಡ್ಡ ಗುಂಡಿ ಬಹಳ ಸಲ ಜಾಹೀರಾತು. ಒಂದು ತರಲು ಹೋಗಿ ಬೇಡದ ಮೂರು ಬಂದು ಕೂರುತ್ತಿದ್ದವು. ಮಿಂಟ್‌ನಲ್ಲಿ ಆ ಅಲೆದಾಟ ಬೇಡ. ಮೆನುವಿನಲ್ಲಿಯೇ ಸಾಫ್ಟ್‌ವೇರ್ ಮ್ಯಾನೇಜರ್ ಎಂಬ ಅಂಗಡಿ ಇದೆ. ಸಾವಿರಾರು ತಂತ್ರಾಂಶಗಳು ಅದರಲ್ಲಿವೆ. ಪೊಟ್ಟಣದ ಮೇಲೆ ಮೊಹರು ಇರುವಂತೆ ಪ್ರತಿಯೊಂದಕ್ಕೂ ಗುಪ್ತ ಸಹಿ ಇರುತ್ತದೆ. ದಾರಿಯಲ್ಲಿ ಯಾರಾದರೂ ಬಿಚ್ಚಿ ಬೆರಕೆ ಮಾಡಿದ್ದರೆ ಸಹಿ ಹೊಂದದೆ ಯಂತ್ರವೇ ಬೇಡ ಅನ್ನುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 2016ರ ಫೆಬ್ರವರಿ 20ರಂದು ಮಿಂಟ್‌ನವರ ಜಾಲತಾಣಕ್ಕೇ ಕಳ್ಳರು ಕನ್ನ ಹಾಕಿ, ಹೊಸದಾಗಿ ಮಿಂಟ್ ಇಳಿಸಿಕೊಳ್ಳುವವರಿಗೆ ಕಳ್ಳಬಾಗಿಲಿದ್ದ ನಕಲಿ ಪ್ರತಿ ಸಿಗುವಂತೆ ಮಾಡಿದ್ದರು. ತಂಡದವರು ಮುಚ್ಚಿಡದೆ ತಾವೇ ಪ್ರಕಟಿಸಿ ಜನರನ್ನು ಎಚ್ಚರಿಸಿದರು. ಆಗಲೇ ಮಿಂಟ್ ಇಟ್ಟುಕೊಂಡು, ಒಳಗಿನ ಅಂಗಡಿಯಿಂದಲೇ ಸಾಮಾನು ತರುತ್ತಿದ್ದವರಿಗೆ ಅದರಿಂದ ತೊಂದರೆಯಾಗಲಿಲ್ಲ. ಅದಕ್ಕೇ ನಾನು ಹೇಳೋದು, ಅಂಗಡಿ ಬಿಟ್ಟು ಆಚೆ ಹೋಗಬೇಡಿ ಅಂತ.

ಅಂಗಡಿಯಲ್ಲಿ ಹೆಸರು ಹುಡುಕಿ, ಚಿತ್ರ ಒತ್ತಿ, ಇನ್‌ಸ್ಟಾಲ್ ಒತ್ತಿದರೆ ಆಯಿತು. ಆದರೆ ಒಂದು ಕಡೆ ಕಣ್ಣಿಡಿ. ಕೆಲವು ಸಾಮಾನು ಎರಡು ಕಟ್ಟಿನಲ್ಲಿ ಸಿಗುತ್ತವೆ, ಸಿಸ್ಟಮ್ ಪ್ಯಾಕೇಜ್ ಅಂತ ಒಂದು, ಫ್ಲಾಟ್‌ಪ್ಯಾಕ್ ಅಂತ ಇನ್ನೊಂದು. ಮೊದಲನೆಯದು ಚಿಕ್ಕದು, ಮಿಂಟ್‌ಗೆ ಹೊಂದಿಸಿದ್ದು, ಸ್ವಲ್ಪ ಹಳೆಯ ಆವೃತ್ತಿ ಇರಬಹುದು. ಎರಡನೆಯದು ಹೊಸದು, ಆದರೆ ತನ್ನ ಪರಿವಾರವನ್ನೆಲ್ಲ ಕಟ್ಟಿಕೊಂಡು ಬರುತ್ತದೆ. ಮೊದಲನೇ ಸಲ ನೂರಾರು ಎಂ.ಬಿ. ಎಳೆಯುತ್ತದೆ. ಮೊಬೈಲಿನಿಂದ ಇಂಟರ್‌ನೆಟ್ ಕೊಡುವ ಮನೆಯಲ್ಲಿ ದಿನದ ಡೇಟಾ ಅರ್ಧಕ್ಕೆ ಮುಗಿದುಹೋದೀತು. ಸಾಧಾರಣ ಗೃಹಕೃತ್ಯಕ್ಕೆ ಸಿಸ್ಟಮ್ ಪ್ಯಾಕೇಜೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಫ್ಲಾಟ್‌ಪ್ಯಾಕ್‌ಗಳಲ್ಲಿ ತಯಾರಿಸಿದವರ ಗುರುತು ದೃಢಪಡದಿದ್ದವನ್ನು 2024ರ ಮಿಂಟ್ 22ರಿಂದ ಅಂಗಡಿಯವರು ಮುಂದೆ ಇಡುವುದನ್ನೇ ಬಿಟ್ಟಿದ್ದಾರೆ. ನೀವೂ ಅವನ್ನು ಕೆದಕಿ ತೆಗೆಯಬೇಡಿ.

ಇನ್ನು ಏನೇನು ತರೋದು? ಬಹಳ ಜನಕ್ಕೆ ಗೊತ್ತಿಲ್ಲದ್ದು ಅಂದರೆ, ಪತ್ರ ಬರೆಯುವುದಕ್ಕೆ ಮತ್ತು ಲೆಕ್ಕದ ಹಾಳೆಗೆ ಲಿಬ್ರೆಆಫೀಸ್, ಜಾಲ ನೋಡಲು ಫೈರ್‌ಫಾಕ್ಸ್, ಹಾಡು, ಸಿನಿಮಾ, ಸ್ಕ್ಯಾನ್ ಇದಕ್ಕೆಲ್ಲ ಬೇಕಾದ್ದು ಮಿಂಟ್ ಜೊತೆಗೇ ಬಂದಿರುತ್ತದೆ. ಮೊದಲು ಮೆನುವನ್ನು ಅಡಿಗೆಮನೆಯ ಗೂಡು ನೋಡಿದ ಹಾಗೆ ಒಂದು ಸಲ ಪೂರ್ತಿ ನೋಡಿ. ಇದ್ದದ್ದನ್ನೇ ಮತ್ತೆ ತರಬೇಡಿ. ಲಿಬ್ರೆಆಫೀಸ್ ಕಲಿಯಲು ಮುಂಬಯಿ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಮಾತಾಡಿ ತೋರಿಸುವ ಪಾಠಗಳಿವೆ, ಬಿಟ್ಟಿ.

ಕನ್ನಡ ಅಕ್ಷರಕ್ಕೂ ಹೊಸದೇನೂ ತರಬೇಕಾಗಿಲ್ಲ. ಮೆನುವಿನಲ್ಲಿ ಕೀಬೋರ್ಡ್ ತೆರೆದು, ಲೇಔಟ್ಸ್‌ಗೆ ಹೋಗಿ, ಕನ್ನಡ ಸೇರಿಸಿಕೊಂಡರೆ ಆಯಿತು. ಅದರಲ್ಲೂ ಎರಡಿದೆ. ಸುಮ್ಮನೆ ಕನ್ನಡ ಅಂತ ಇರೋದು ಸರಕಾರದ ಇನ್‌ಸ್ಕ್ರಿಪ್ಟ್ ಜೋಡಣೆ. ನುಡಿ ತಂತ್ರಾಂಶದಲ್ಲಿ ಕೈ ಕೂತಿರುವವರು ಕ.ಗ.ಪ. ಅನ್ನೋದನ್ನು ಆರಿಸಿಕೊಳ್ಳಿ. ನುಡಿಯ ಹಳೆಯ ಕಡತ ತೆರೆದಾಗ ಅಕ್ಷರದ ಬದಲು ಕಾಗೆ ಕಾಲು ಗುಬ್ಬಿ ಕಾಲು ಕಂಡರೆ ಗಾಬರಿ ಬೇಡ. ಅದು ಯೂನಿಕೋಡ್ ಬರುವುದಕ್ಕೆ ಮುಂಚಿನ ಬರವಣಿಗೆ, ಪರಿವರ್ತಿಸಿಕೊಳ್ಳಬೇಕು ಅಷ್ಟೆ.

ಮನೆಯ ಖರ್ಚುವೆಚ್ಚಕ್ಕೆ ಹೋಮ್‌ಬ್ಯಾಂಕ್. ಹಾಲು, ದಿನಸಿ, ಗ್ಯಾಸು, ಶಾಲೆಯ ಫೀಸು, ಚೀಟಿ ಕಟ್ಟಿದ್ದು, ಎಲ್ಲಕ್ಕೂ ಒಂದೊಂದು ತಲೆಬರಹ ಇಟ್ಟುಕೊಂಡು ದಿನಾ ರಾತ್ರಿ ಐದು ನಿಮಿಷ ಬರೆದರೆ, ತಿಂಗಳ ಕೊನೆಗೆ ಎಲ್ಲಿ ಸೋರಿತು ಅಂತ ಚಿತ್ರದಲ್ಲೇ ತೋರಿಸುತ್ತದೆ. ಹಪ್ಪಳ, ಸಂಡಿಗೆ, ಬ್ಲೌಸ್ ಹೊಲಿಗೆ ಅಂತ ಸ್ವಂತ ಉದ್ಯೋಗ ಇಟ್ಟುಕೊಂಡವರಿಗೆ ಗ್ನುಕ್ಯಾಶ್ ಅಂತ ಇನ್ನೊಂದು ಇದೆ. ಅದರಲ್ಲಿ ಜಮಾ-ಖರ್ಚು ಎರಡೂ ಕಡೆ ಬರೆಯುವ ವ್ಯಾಪಾರಿ ಪದ್ಧತಿ. ವಾಣಿಜ್ಯ ಓದಿದವರಿಗೆ ಖುಷಿಯಾಗುತ್ತೆ. ಉಳಿದವರು ಹೋಮ್‌ಬ್ಯಾಂಕ್‌ನಿಂದ ಶುರುಮಾಡಿ.

ಚಿಕ್ಕ ಮಕ್ಕಳಿಗೆ ಜಿಕಾಂಪ್ರೀ ಮತ್ತು ಟಕ್ಸ್ ಪೇಂಟ್. ಮೊದಲನೆಯದರಲ್ಲಿ ಎಣಿಕೆ, ಅಕ್ಷರ, ಗಡಿಯಾರ ನೋಡೋದು, ಹೊಂದಿಸೋದು ಅಂತ ನೂರಕ್ಕೂ ಮೀರಿ ಆಟಗಳಿವೆ. ಹೆಸರು ಫ್ರೆಂಚ್ ಭಾಷೆಯಲ್ಲಿ ‘ನನಗೆ ಅರ್ಥವಾಯಿತು’ ಅನ್ನುವ ಮಾತಿನ ಸದ್ದು. ಜಾಹೀರಾತಿಲ್ಲ, “ದುಡ್ಡು ಕೊಟ್ಟರೆ ಮುಂದಿನ ಆಟ” ಅನ್ನೋ ಪೀಡೆಯಿಲ್ಲ. ಮೊಬೈಲು ಕಿತ್ತುಕೊಂಡರೆ ರಂಪ ಮಾಡುವ ಮಗುವನ್ನು ಅರ್ಧ ಗಂಟೆ ಇಲ್ಲಿ ಕೂರಿಸಿ ನೋಡಿ.

ಕಸೂತಿ, ಆರಿ ಕೆಲಸ ಮಾಡುವ ಸೋದರಿಯರು ಇಂಕ್‌ಸ್ಕೇಪ್ ತರಿಸಿಕೊಳ್ಳಲೇಬೇಕು. ಇದು ಗೆರೆ ಎಳೆಯುವ ತಂತ್ರಾಂಶ. ಸಾಮಾನ್ಯ ಫೋಟೋವನ್ನು ದೊಡ್ಡದು ಮಾಡಿದರೆ ಮಸಕಾಗುತ್ತದೆ, ಇದರಲ್ಲಿ ಬರೆದ ಬಳ್ಳಿಯನ್ನು ತೋಳಿನಷ್ಟಕ್ಕೂ ಮಾಡಬಹುದು, ಸೆರಗಿನಷ್ಟಕ್ಕೂ ಮಾಡಬಹುದು, ಗೆರೆ ಚೊಕ್ಕವಾಗಿಯೇ ಇರುತ್ತದೆ. ಹಳೇ ಸೀರೆಯ ಅಂಚಿನ ಮಾವಿನಕಾಯಿ ನಿಮಗಿಷ್ಟವೇ? ನೇರವಾಗಿ ಮೇಲಿನಿಂದ ಫೋಟೋ ತೆಗೆದು ಇಂಕ್‌ಸ್ಕೇಪ್‌ಗೆ ತನ್ನಿ, ಪಾತ್ ಮೆನುವಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಒತ್ತಿ. ಫೋಟೋ ಗೆರೆಯಾಗುತ್ತದೆ. ಬೆಳಕು ಚೆನ್ನಾಗಿದ್ದು ಬಣ್ಣಗಳು ಎದ್ದು ಕಂಡರೆ ಗೆರೆ ಸರಿಯಾಗಿ ಬರುತ್ತೆ. ಜರಿಯ ಹೊಳಪು ಬಿದ್ದರೆ ಚಿಂದಿಚಿಂದಿಯಾಗುತ್ತೆ, ಆಗ ಫೋಟೋ ಮೇಲೆಯೇ ಪೆನ್ಸಿಲ್ ಗುರುತಿನಿಂದ ಕೈಯಲ್ಲಿ ತಿದ್ದುವುದೇ ವಾಸಿ.

ಎಡ ತೋಳು, ಬಲ ತೋಳಿಗೆ ಎದುರುಬದುರು ವಿನ್ಯಾಸ ಬೇಕಲ್ಲವೇ? ಬಳ್ಳಿಯನ್ನು ಆರಿಸಿ, ಕಂಟ್ರೋಲ್ ಹಿಡಿದು ಡಿ ಒತ್ತಿದರೆ ಜೋಡಿ ಹುಟ್ಟುತ್ತದೆ. ಆಮೇಲೆ ಬರೀ ಹೆಚ್ ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ. ಟ್ರೇಸಿಂಗ್ ಕಾಗದ ಮಗುಚಿ ಎರಡು ಸಲ ತಿದ್ದುವ ಕೆಲಸ ತಪ್ಪಿತು. ಮೇಲಿನ ಪಟ್ಟಿಯಲ್ಲಿ ಅಳತೆಯನ್ನು ಸೆಂಟಿಮೀಟರಿಗೆ ಬದಲಾಯಿಸಿ ಬೇಕಾದ ಅಗಲ ಬರೆಯಿರಿ. ಮುದ್ರಿಸುವ ಮುಂಚೆ ಹಾಳೆಯ ಮೂಲೆಯಲ್ಲಿ ಸರಿಯಾಗಿ 10 ಸೆಂಟಿಮೀಟರಿನ ಒಂದು ಗೆರೆ ಎಳೆದಿಡಿ. ಪೇಟೆಯಲ್ಲಿ ಪ್ರಿಂಟು ಹಾಕಿಸುವಾಗ ‘ಹಾಳೆಗೆ ಹೊಂದಿಸು’ ಅನ್ನೋದು ಬೇಡ, ನೂರಕ್ಕೆ ನೂರು ಅಳತೆ ಅಂತ ಹೇಳಿ. ಬಂದ ಹಾಳೆಯ ಗೆರೆಗೆ ಟೇಪು ಹಿಡಿದು ನೋಡಿ. ಒಂಬತ್ತೂವರೆ ಬಂದಿದ್ದರೆ ಅಂಗಡಿಯಲ್ಲೇ ವಾಪಸು ಕೊಡಿ; ಬ್ಲೌಸ್ ಕತ್ತರಿಸಿದ ಮೇಲೆ ಅತ್ತರೆ ಬರುವುದಿಲ್ಲ.

ಕಡೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅಡಾಸಿಟಿ. ಇದು ಧ್ವನಿ ಮುದ್ರಿಸುವ, ತಿದ್ದುವ ತಂತ್ರಾಂಶ. ಅದು ನಮಗೇಕೆ ಅನ್ನಬೇಡಿ. ನಿಮ್ಮ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟುಗಳು ಇವೆಯೇ? ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನವನ್ನು ಬಿಡಿ, ಅವು ಇನ್ನೆಲ್ಲಾದರೂ ಸಿಗುತ್ತವೆ. ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆ, ಬಾಣಂತನದಲ್ಲಿ ಅಮ್ಮ ಹೇಳಿದ ಜೋಗುಳ, ಅಪ್ಪನ ಮಾತು, ಯಾರೋ ಟೇಪ್ ರೆಕಾರ್ಡರ್ ತಂದಿದ್ದಾಗ ಮುದ್ರಿಸಿದ್ದು, ಅದರ ಇನ್ನೊಂದು ಪ್ರತಿ ಲೋಕದಲ್ಲೇ ಇಲ್ಲ. ಟೇಪಿನ ಮೇಲಿನ ಕಾಂತದ ಲೇಪ ವರ್ಷ ಕಳೆದ ಹಾಗೆ ಉದುರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನವರಿಗಂತೂ ಹೇಳಬೇಕಾಗಿಯೇ ಇಲ್ಲ.

ಓಡುವ ಟೇಪ್ ರೆಕಾರ್ಡರ್ ಒಂದು ಹುಡುಕಿ. ನಿಮ್ಮಲ್ಲಿ ಇಲ್ಲದಿದ್ದರೆ ನೆಂಟರಲ್ಲಿ ಇರುತ್ತದೆ. ಅದರ ತಲೆಯನ್ನು, ಅಂದರೆ ಟೇಪು ಉಜ್ಜುವ ಲೋಹದ ಜಾಗವನ್ನು, ಐಸೋಪ್ರೊಪೈಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಿ ಒಣಗಲು ಬಿಡಿ. ಬಹಳ ದಿನ ಸುತ್ತಿಟ್ಟ ಟೇಪನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಪೂರ್ತಿ ಓಡಿಸಿ. ಬೂಷ್ಟು ಕಾಣುವ ಕ್ಯಾಸೆಟ್ಟನ್ನು ಮಾತ್ರ ಓಡಿಸಬೇಡಿ, ಬೇರೆ ಇಡಿ, ತಿಳಿದವರಿಗೆ ತೋರಿಸಿ. ಎರಡೂ ತುದಿಗೆ ಇಯರ್‌ಫೋನ್ ಪಿನ್ನು ಇರುವ ತಂತಿ ತಂದು, ಒಂದು ತುದಿ ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿಗೆ, ಇನ್ನೊಂದು ಕಂಪ್ಯೂಟರಿನ ನೀಲಿ ಬಣ್ಣದ ಲೈನ್ ಇನ್ ತೂತಿಗೆ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದ್ದರೆ ಇದು ನಡೆಯುವುದಿಲ್ಲ; ಧ್ವನಿ ಒಳಗೆ ತೆಗೆದುಕೊಳ್ಳುವ ಯುಎಸ್‌ಬಿ ಅಡಾಪ್ಟರ್ ಬೇಕು ಅಂತ ಕೇಳಿ ತನ್ನಿ.

ಅಡಾಸಿಟಿಯಲ್ಲಿ ಕೆಂಪು ಗುಂಡಿ ಒತ್ತಿ, ಟೇಪು ಶುರುಮಾಡಿ. ಮೇಲಿನ ಹಸಿರು ಪಟ್ಟಿ ಬಲಗಡೆಯ ಕೊನೆ ಮುಟ್ಟದ ಹಾಗೆ ಟೇಪಿನ ಸದ್ದು ಹೊಂದಿಸಿ. ಕೊನೆ ಮುಟ್ಟಿದರೆ ದನಿ ಒಡೆಯುತ್ತೆ, ಒಡೆದ ದನಿಯನ್ನು ಆಮೇಲೆ ಸರಿಯಾಗಿ ಕೂಡಿಸಲು ಆಗೋದಿಲ್ಲ. ಕಡಿಮೆಯಿದ್ದರೆ ಹೆಚ್ಚಿಸಿಕೊಳ್ಳಬಹುದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಹುರುಳಿಕಾಯಿ ಸೋಸುತ್ತ ಕೂತು ಕೇಳಿ. ಎಷ್ಟೋ ವರ್ಷದ ಮೇಲೆ ಆ ದನಿ ಕೇಳುವಾಗ ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು.

ಟೇಪಿನ ‘ಸ್ಸ್’ ಅನ್ನುವ ಸದ್ದು ತೆಗೆಯೋದಕ್ಕೆ, ಹಾಡು ಶುರುವಾಗುವ ಮುಂಚೆ ಬರೀ ಸದ್ದಿರುವ ಒಂದೆರಡು ಸೆಕೆಂಡನ್ನು ಆರಿಸಿ, ಇಫೆಕ್ಟ್ ಮೆನುವಿನ ನಾಯ್ಸ್ ರಿಡಕ್ಷನ್‌ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ಆಮೇಲೆ ಪೂರ್ತಿ ಮುದ್ರಣ ಆರಿಸಿ ಅದನ್ನೇ ಮತ್ತೆ ತೆರೆದು ಓಕೆ ಕೊಡಿ. ಉಪ್ಪಿನ ಹಾಗೆ ಹಿಡಿತವಿರಲಿ. ಜಾಸ್ತಿ ಮಾಡಿದರೆ ಅಜ್ಜಿ ಕೊಡದೊಳಗಿಂದ ಹಾಡಿದ ಹಾಗಾಗುತ್ತದೆ. ಇದಕ್ಕೆ ಕೈ ಹಾಕುವ ಮುಂಚೆಯೇ ತಿದ್ದದ ಮೂಲವನ್ನು ವೇವ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ ಬೇರೆ ಇಟ್ಟಿರಿ. ವಾಟ್ಸಾಪ್‌ನಲ್ಲಿ ಅಕ್ಕ ತಂಗಿಯರಿಗೆ ಕಳಿಸಲು ಎಂಪಿ3 ಸಾಕು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ತವರಿನಲ್ಲೂ ಇರಲಿ. ಕ್ಯಾಸೆಟ್ಟನ್ನು ಎಸೆಯಬೇಡಿ.

ತಂದ ಸಾಮಾನು ಹಿಡಿಸಲಿಲ್ಲವೇ? ಸಿನಮನ್ ಅನ್ನುವ ಮಾಮೂಲು ಮಿಂಟ್‌ನಲ್ಲಿ, ಮೆನುವಿನಲ್ಲಿ ಅದರ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಅನ್‌ಇನ್‌ಸ್ಟಾಲ್ ಅಂದರೆ ಹೋಗುತ್ತದೆ. ಒಂದೇ ದಿನ ಹತ್ತು ತರಬೇಡಿ. ಒಂದು ತಂದು, ವಾರ ಉಪಯೋಗಿಸಿ, ಆಮೇಲೆ ಇನ್ನೊಂದು. ಟೈಮ್‌ಶಿಫ್ಟ್ ಅನ್ನೋದು ಮಿಂಟ್‌ನಲ್ಲೇ ಇದೆ. ಏನಾದರೂ ಎಡವಟ್ಟಾದರೆ ಯಂತ್ರವನ್ನು ಹಿಂದಿನ ಸ್ಥಿತಿಗೆ ತರಲು ಅದರಲ್ಲಿ ಮೊದಲೇ ಒಂದು ಪ್ರತಿ ತೆಗೆದಿಡಿ. ಆದರೆ ನೆನಪಿರಲಿ, ಅದು ಕಾಪಾಡೋದು ಯಂತ್ರದ ಕಟ್ಟಡವನ್ನು. ನಿಮ್ಮ ಫೋಟೋ, ಹಾಡು, ಲೆಕ್ಕ ಅದರಲ್ಲಿ ತಾನಾಗಿ ಸೇರುವುದಿಲ್ಲ, ಅವನ್ನು ಬೇರೆಯಾಗಿ ಪೆನ್‌ಡ್ರೈವಿಗೆ ಹಾಕಬೇಕು. ಕೆಳಗಿನ ಮೂಲೆಯಲ್ಲಿ ಗುರಾಣಿಯ ಚಿಹ್ನೆ ಇದೆ, ಅದಕ್ಕೆ ಚುಕ್ಕೆ ಬಂದಾಗ ತೆರೆದು ತಿದ್ದುಪಡಿಗಳನ್ನು ಹಾಕಿಕೊಳ್ಳಿ. ಅಂಗಡಿಯಿಂದ ತಂದದ್ದೂ ಅದರ ಜೊತೆಗೇ ಹೊಸದಾಗುತ್ತದೆ.

ಸಾಗರದ ಕಡೆಯ ಸೋದರಿಯೊಬ್ಬರು, ಯಜಮಾನರ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ, ಅದನ್ನೂ ಮಿಂಟ್‌ನಲ್ಲಿ ಹಾಕಬಹುದೇ ಅಂತ ಕೇಳಿದ್ದಾರೆ. ಅದು ವಿಂಡೋಸಿಗೆ ಮಾಡಿದ್ದು. ಆ ಒಂದು ಕೆಲಸಕ್ಕೆ ವಿಂಡೋಸ್ ಇರುವ ಯಂತ್ರವನ್ನು ಉಳಿಸಿಕೊಳ್ಳುವುದೇ ಮೇಲು, ಗಂಡನ ವ್ಯಾಪಾರದ ಮೇಲೆ ಪ್ರಯೋಗ ಬೇಡ. ಪ್ರಿಂಟರ್ ಜೋಡಿಸುವ ಬಗ್ಗೆ ಕೇಳಿರುವವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಪ್ರಿಂಟರಿನ ಹೆಸರು, ಮಾದರಿಯ ಸಂಖ್ಯೆ ಎರಡನ್ನೂ ಬರೆದು ಕಳಿಸಿ.